ನಿಮ್ಮ ‘ಕಾಣದ ಗ್ರಹದ ಸೆಳೆತ’ ಲೇಖನದ ಬಗ್ಗೆ

ಮಾನ್ಯರೇ,

ನೀವು ಕಳುಹಿಸಿದ ‘ಕಾಣದ ಗ್ರಹದ ಸೆಳೆತ’ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ನನಗಿದೆ. ಆದ್ದರಿಂದಲೇ ಎರಡು ಸಾಲಿನ ವಿಷಾದಪತ್ರ ಕಳುಹಿಸದೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಕ್ಷತ್ರದ ಬಿಂಬವನ್ನು ಹಾದುಹೋಗುವ ಗ್ರಹವೊಂದರ ಸಂಕ್ರಮಣವು ನಿರೀಕ್ಷಿತ ವೇಳೆಗಿಂತ ಕೆಲವು ನಿಮಿಷ ಹಿಂದುಮುಂದಾದರೆ, ಅದರಿಂದ ನಮಗೆ ಕಾಣದಿರುವ ಇನ್ನೊಂದು ಗ್ರಹದ ಇರವನ್ನು ತಿಳಿಯಬಹುದು ಎಂಬುದು ನಿಮ್ಮ ವಸ್ತು. ಅದು ತಿಳಿಯುವುದು ಹೇಗೆ ಎಂಬುದೇ ನಿಮ್ಮ ಲೇಖನದಲ್ಲಿ ಇಲ್ಲ. ‘ವ್ಯತ್ಯಾಸ ಕಂಡುಬಂತು, ಗ್ರಹ ಪತ್ತೆಯಾಯಿತು’ ಎಂದು ನೀವು ಬರೆದಿದ್ದೀರಿ; ಆ ಎರಡು ಮಾತುಗಳ ನಡುವೆ ಇರುವುದೇ ಈ ವಿಷಯದ ಸಾರ.

ಆರಂಭದ ಎರಡು ಪುಟಗಳನ್ನು ಪೂರ್ತಿ ತೆಗೆದುಹಾಕಿ. ವಿಶ್ವದ ಅಗಾಧತೆ, ನಾವು ಒಂಟಿಯೇ ಎಂಬ ಪ್ರಶ್ನೆ, ಇವು ಬೇರೆ ಯಾವ ಖಗೋಳ ಲೇಖನಕ್ಕೂ ಹೊಂದುವ ಮಾತುಗಳು. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೆಯ ಪುಟದಲ್ಲಿ, ಸಂಕ್ರಮಣದ ವೇಳೆಗಳ ಪಟ್ಟಿಯನ್ನು ನೀವು ಓದುಗರ ಮುಂದಿಡುವ ಜಾಗದಲ್ಲಿ.

ಅಲ್ಲಿಯೇ ನೀವು ತಡವಾಗಿ ಬರುವ ಬಸ್ಸಿನ ಹೋಲಿಕೆಯನ್ನು ತಂದಿದ್ದೀರಿ. ಅದು ಓದುಗರನ್ನು ದಾರಿ ತಪ್ಪಿಸುತ್ತದೆ. ಬಸ್ಸಿಗೆ ಮೊದಲೇ ಅಚ್ಚಾದ ವೇಳಾಪಟ್ಟಿ ಇರುತ್ತದೆ, ಗ್ರಹಕ್ಕೆ ಅಂಥದ್ದಿಲ್ಲ. ನಾವು ನೋಡಿದ ಸಂಕ್ರಮಣಗಳಿಂದಲೇ ಸರಾಸರಿ ಅವಧಿಯನ್ನು ಲೆಕ್ಕ ಹಾಕಿ, ಪ್ರತಿಯೊಂದು ಸಂಕ್ರಮಣ ಆ ಸರಾಸರಿಯಿಂದ ಎಷ್ಟು ಆಚೀಚೆ ಸರಿದಿದೆ ಎಂದು ಮತ್ತೆ ಅವುಗಳನ್ನೇ ಅಳೆಯುತ್ತೇವೆ. ಈ ವಿಚಲನೆಗಳು ಒಮ್ಮೆ ಮುಂಚಿತವಾಗಿ, ಒಮ್ಮೆ ತಡವಾಗಿ, ನಿಧಾನವಾದ ಅಲೆಯಂತೆ ಏರಿಳಿಯುತ್ತವೆ. ವೀಕ್ಷಣೆಯ ಕಾಲ ಆ ಅಲೆಗಿಂತ ಬಹಳ ಚಿಕ್ಕದಾಗಿದ್ದರೆ, ಅಲೆಯ ತುಣುಕು ಸರಳರೇಖೆಯಂತೆ ಕಂಡು ಸರಾಸರಿ ಅವಧಿಯೊಳಗೇ ಸೇರಿಹೋಗುತ್ತದೆ. ಆಗ ಕಾಣದ ಗ್ರಹ ಕಾಣದೆಯೇ ಉಳಿಯುತ್ತದೆ. 2009ರಲ್ಲಿ ಉಡಾವಣೆಯಾದ ಕೆಪ್ಲರ್ ದೂರದರ್ಶಕ ಒಂದೇ ಆಕಾಶಭಾಗವನ್ನು ಸುಮಾರು ನಾಲ್ಕು ವರ್ಷ ಬಿಡದೆ ನೋಡಿದ್ದು ಈ ವಿಧಾನಕ್ಕೆ ಏಕೆ ಅಷ್ಟು ಮುಖ್ಯವಾಯಿತು ಎಂಬುದನ್ನು ನೀವು ಇಲ್ಲಿ ಹೇಳಬಹುದಿತ್ತು.

ಇನ್ನು ಸೆಳೆತದ ವಿಷಯ. ನಕ್ಷತ್ರಕ್ಕೆ ಹೋಲಿಸಿದರೆ ಅತ್ಯಲ್ಪ ದ್ರವ್ಯರಾಶಿಯ ಗ್ರಹವೊಂದು ತನ್ನ ನೆರೆಯ ಗ್ರಹವನ್ನು ಅಳೆಯಲು ಸಿಗುವಷ್ಟು ಕದಲಿಸುವುದು ಹೇಗೆ ಎಂಬ ಪ್ರಶ್ನೆ ಓದುಗರಲ್ಲಿ ಏಳುತ್ತದೆ. ನಿಮ್ಮ ಲೇಖನ ಅದಕ್ಕೆ ಉತ್ತರಿಸುವುದಿಲ್ಲ. ಉತ್ತರ ಅನುರಣನದಲ್ಲಿದೆ. ಎರಡು ಗ್ರಹಗಳ ಅವಧಿಗಳು 1:2 ಅಥವಾ 2:3ರಂಥ ಸರಳ ಅನುಪಾತಕ್ಕೆ ಹತ್ತಿರವಿದ್ದಾಗ, ಅವು ಪರಸ್ಪರ ಅತಿ ಸಮೀಪಕ್ಕೆ ಬರುವ ಘಟನೆ ಕಕ್ಷೆಯ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮತ್ತೆಮತ್ತೆ ನಡೆಯುತ್ತದೆ. ಒಂದೇ ದಿಕ್ಕಿನ ಸಣ್ಣ ಎಳೆತಗಳು ಕೂಡುತ್ತಾ ಹೋಗುತ್ತವೆ. ಅನುಪಾತ ಕರಾರುವಾಕ್ಕಾಗಿ ಇಲ್ಲದಿರುವುದರಿಂದ ಆ ಜಾಗ ನಿಧಾನವಾಗಿ ಸರಿಯುತ್ತದೆ, ಎಳೆತದ ದಿಕ್ಕು ಬದಲಾಗುತ್ತದೆ, ಮುಂಚಿತವಾಗಿದ್ದದ್ದು ತಡವಾಗುತ್ತದೆ. ಆ ಜಾಗ ಕಕ್ಷೆಯ ಸುತ್ತ ಒಂದು ಸುತ್ತು ಮುಗಿಸಲು ಹಿಡಿಯುವ ಕಾಲವೇ ಅಲೆಯ ಅವಧಿ. 2005ರಲ್ಲಿ ಎರಡು ತಂಡಗಳು ಈ ಲೆಕ್ಕವನ್ನು ಪ್ರತ್ಯೇಕವಾಗಿ ಮುಂದಿಟ್ಟಿದ್ದವು. 2010ರಲ್ಲಿ, ಸುಮಾರು 19.2 ಮತ್ತು 38.9 ದಿನಗಳ ಅವಧಿಯ ಎರಡು ಗ್ರಹಗಳಿರುವ ಕೆಪ್ಲರ್-9 ಎಂಬ ನಕ್ಷತ್ರದ ಬಳಿ ಅದು ಸ್ಪಷ್ಟವಾಗಿ ಕಂಡಿತು.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ‘ಅಲೆಯ ಅವಧಿ ಗೊತ್ತಾದರೆ ಕಾಣದ ಗ್ರಹದ ಕಕ್ಷೆ ಗೊತ್ತಾದಂತೆ’ ಎಂಬ ನಿಮ್ಮ ವಾಕ್ಯ ತಪ್ಪು. ನೀವೇ ಲೆಕ್ಕ ಹಾಕಿ ನೋಡಿ. ಕಾಣುವ ಗ್ರಹದ ಅವಧಿ 10 ದಿನ, ಅದರ ಸಂಕ್ರಮಣಗಳ ಅಲೆ 510 ದಿನಗಳದ್ದು ಎಂದುಕೊಳ್ಳೋಣ. ಹೊರಗಿನ ಕಕ್ಷೆಯಲ್ಲಿ 20.4 ದಿನದ ಗ್ರಹವೊಂದಿದ್ದರೆ ಈ ಅಲೆ ಬರುತ್ತದೆ: 10ರಲ್ಲಿ ಒಂದು ಭಾಗದಿಂದ 20.4ರಲ್ಲಿ ಎರಡು ಭಾಗವನ್ನು ಕಳೆದರೆ ಸಿಗುವುದು 510ರಲ್ಲಿ ಒಂದು ಭಾಗ (1/10 − 2/20.4 = 1/510). ಆದರೆ ಸುಮಾರು 19.6 ದಿನದ ಗ್ರಹವೂ ಅದೇ ಅವಧಿಯ ಅಲೆಯನ್ನು ಕೊಡುತ್ತದೆ. 2:3ರ ಅನುಪಾತಕ್ಕೆ ಹತ್ತಿರದ ಸುಮಾರು 15.15 ದಿನದ ಗ್ರಹವೂ ಕೊಡುತ್ತದೆ. ಒಳಗಿನ ಕಕ್ಷೆಯಲ್ಲಿ ಸುಮಾರು 5.05 ದಿನಕ್ಕೊಮ್ಮೆ ಸುತ್ತುವ ಗ್ರಹವೂ ಕೊಡುತ್ತದೆ. ಅಲೆ ಒಂದೇ, ಅದಕ್ಕೆ ಕಾರಣವಾಗಬಲ್ಲ ಗ್ರಹಗಳು ಹಲವು. ಅಲೆಯ ಎತ್ತರದಿಂದ ದ್ರವ್ಯರಾಶಿಯನ್ನು ತಿಳಿಯೋಣವೆಂದರೆ ಅಲ್ಲಿಯೂ ತೊಡಕಿದೆ. ಕಕ್ಷೆಗಳು ಸ್ವಲ್ಪವೇ ಉತ್ಕೇಂದ್ರವಾಗಿದ್ದರೂ, ಅಂದರೆ ಪೂರ್ಣ ವೃತ್ತವಾಗಿರದೆ ಉದ್ದವಾಗಿದ್ದರೂ, ಹಗುರವಾದ ಗ್ರಹ ಭಾರವಾದ ಗ್ರಹದಂತೆ ತೋರಬಹುದು. ಈ ಲೆಕ್ಕವನ್ನು ಸಂಖ್ಯೆಗಳ ಸಮೇತ ಲೇಖನದಲ್ಲಿ ಕೊಡಿ. ಭಾಗಾಕಾರ ಬಲ್ಲ ಯಾವ ಓದುಗರಿಗೂ ಇದು ಅರ್ಥವಾಗುತ್ತದೆ. ಗಣಿತಕ್ಕೆ ಓದುಗರು ಹೆದರುತ್ತಾರೆಂದು ಲೇಖಕರು ತಾವೇ ತೀರ್ಮಾನಿಸಿಕೊಂಡು ವಿಷಯದ ಜೀವವನ್ನೇ ಬಿಟ್ಟುಬಿಡುವುದು ನನಗೆ ಬಹಳ ಬೇಸರ ತರಿಸುತ್ತದೆ.

ನೀವು ಆಯ್ದುಕೊಂಡ ಕೆಪ್ಲರ್-19 ಇದಕ್ಕೆ ತಕ್ಕ ನಿದರ್ಶನ, ಆದರೆ ಅದರ ಕಥೆಯನ್ನು ನೀವು ತಪ್ಪಾಗಿ ಹೇಳಿದ್ದೀರಿ. ಕಾಣದ ಜೊತೆಗ್ರಹದ ಅವಧಿ ಮತ್ತು ದ್ರವ್ಯರಾಶಿ 2011ರಲ್ಲೇ ಗೊತ್ತಾದವೆಂದು ಬರೆದಿದ್ದೀರಿ. ಆ ವರ್ಷ ಗೊತ್ತಾದದ್ದು ಇಷ್ಟೇ: 9.3 ದಿನಗಳಿಗೊಮ್ಮೆ ಹಾದುಹೋಗುವ ಗ್ರಹದ ವೇಳೆ ಸುಮಾರು 5 ನಿಮಿಷ ಆಚೀಚೆ, ಸುಮಾರು 316 ದಿನಗಳ ಅಲೆಯಾಗಿ ಏರಿಳಿಯುತ್ತಿದೆ. ಇದಕ್ಕೆ ಇನ್ನೊಂದು ಗ್ರಹವೇ ಕಾರಣ. ಅದು ಯಾವ ಕಕ್ಷೆಯಲ್ಲಿದೆ ಎಂದು ನಿಶ್ಚಯವಾಗಿ ಹೇಳಲಾಗದು. 2017ರಲ್ಲಿ, ಗ್ರಹಗಳ ಸೆಳೆತದಿಂದಾಗುವ ನಕ್ಷತ್ರದ ಅಲುಗಾಟವನ್ನು ಡಾಪ್ಲರ್ ವಿಧಾನದಿಂದ, ಅಂದರೆ ಅದರ ಬೆಳಕಿನ ಬಣ್ಣದ ಸಣ್ಣ ಪಲ್ಲಟದಿಂದ, ಅಳೆದ ಬಳಿಕವೇ ಅದರ ಅವಧಿ ಸುಮಾರು 28.7 ದಿನ, ದ್ರವ್ಯರಾಶಿ ಭೂಮಿಯ ಸುಮಾರು 13 ಪಟ್ಟು ಎಂದು ತೀರ್ಮಾನವಾಯಿತು. ಜೊತೆಗೆ ಮೂರನೆಯ ಗ್ರಹವೂ ಸಿಕ್ಕಿತು. ನಡುವಿನ ಆ ವರ್ಷಗಳಲ್ಲಿ ‘ಇದೆ ಎಂದು ಗೊತ್ತು, ಎಂಥದು ಎಂದು ಗೊತ್ತಿಲ್ಲ’ ಎಂಬ ಸ್ಥಿತಿಯಿತ್ತು. ನೀವು ಒಂದು ಅಲ್ಪವಿರಾಮದಲ್ಲಿ ದಾಟಿಬಿಟ್ಟಿರುವ ಈ ಅವಧಿಯ ಮೇಲೆಯೇ ಲೇಖನ ನಿಲ್ಲಬೇಕಾಗಿತ್ತು.

ಹಾಗೆಂದು ಸಂಕ್ರಮಣದ ವೇಳೆಗಳು ಯಾವಾಗಲೂ ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ ಎಂದೇನಿಲ್ಲ. ಎರಡು ಗ್ರಹಗಳು ಪ್ರತಿಸಲ ಸಮೀಪಿಸಿದಾಗಲೂ ಸಂಕ್ರಮಣದ ವೇಳೆಯಲ್ಲಿ ಒಂದು ಸಣ್ಣ ಜಿಗಿತ ಉಂಟಾಗುತ್ತದೆ. ದೊಡ್ಡ ಅಲೆಯ ಮೇಲೆ ಕುಳಿತಿರುವ ಈ ಸಣ್ಣ ಹಲ್ಲುಗಳು ಉತ್ಕೇಂದ್ರತೆಗೆ ಅಷ್ಟಾಗಿ ಬಗ್ಗದೆ ನೇರವಾಗಿ ದ್ರವ್ಯರಾಶಿಯನ್ನು ಹೇಳುತ್ತವೆ. ಸಂಕ್ರಮಣದ ಕಾಲಾವಧಿಯೇ, ಅಂದರೆ ಗ್ರಹ ಬಿಂಬವನ್ನು ದಾಟಲು ಹಿಡಿಯುವ ಸಮಯವೇ, ಬದಲಾಗುತ್ತಿದ್ದರೆ ಅದೂ ಸುಳಿವು ಕೊಡುತ್ತದೆ. ಕೆಪ್ಲರ್-88ರಲ್ಲಿ 10.95 ದಿನದ ಗ್ರಹವೊಂದರ ವೇಳೆ ಸುಮಾರು 12 ಗಂಟೆಗಳ ಮಟ್ಟಿಗೆ ಸರಿಯುತ್ತಿತ್ತು. 2013ರಲ್ಲಿ ಸಂಶೋಧಕರು ವೇಳೆ ಮತ್ತು ಕಾಲಾವಧಿ ಎರಡನ್ನೂ ಬಳಸಿ, ಸುಮಾರು 22.3 ದಿನಗಳ ಅವಧಿಯ, ಗುರುಗ್ರಹಕ್ಕಿಂತ ಹಗುರವಾದ ಜೊತೆಗ್ರಹವನ್ನು ಸೂಚಿಸಿದರು. ಬಳಿಕ ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದ ಸೋಫಿ ಎಂಬ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ರೋಹಿತದರ್ಶಕ ನಕ್ಷತ್ರದ ಅಲುಗಾಟವನ್ನು ಅಳೆದು ಅದನ್ನು ದೃಢಪಡಿಸಿತು. ಕೆಪ್ಲರ್-19ರ ಪಕ್ಕದಲ್ಲಿ ಇದನ್ನಿಟ್ಟು ಬರೆಯಿರಿ. ಒಂದರಲ್ಲಿ ಉತ್ತರ ಏಕೆ ಬೇಗ ಸಿಕ್ಕಿತು, ಇನ್ನೊಂದರಲ್ಲಿ ಏಕೆ ಸಿಗಲಿಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಯುರೇನಸ್ಸಿನ ವಿಚಲನೆಯಿಂದ ಫ್ರಾನ್ಸಿನ ಖಗೋಳಜ್ಞ ಲ ವೆರಿಯೆ ಲೆಕ್ಕ ಹಾಕಿದ ಜಾಗದಲ್ಲಿ 1846ರಲ್ಲಿ ನೆಪ್ಚೂನ್ ಸಿಕ್ಕ ಪ್ರಸಂಗವನ್ನು ನೀವು ಚೆನ್ನಾಗಿ ಬರೆದಿದ್ದೀರಿ, ಅದು ಇರಲಿ. ಆದರೆ ಅವರೇ ಬುಧಗ್ರಹದ ವಿಚಲನೆಗೂ ಕಾಣದ ಗ್ರಹವೇ ಕಾರಣವೆಂದು 1859ರಲ್ಲಿ ವಾದಿಸಿದ್ದನ್ನೂ, ಆ ಗ್ರಹ ಎಂದೂ ಸಿಗದೆ 1915ರಲ್ಲಿ ಐನ್‌ಸ್ಟೈನರ ಸಿದ್ಧಾಂತದಿಂದ ವಿವರಣೆ ದೊರೆತದ್ದನ್ನೂ ಸೇರಿಸಿ. ಎಲ್ಲ ವಿಚಲನೆಯ ಹಿಂದೆಯೂ ಗ್ರಹವೇ ಇರಬೇಕಿಲ್ಲ. ನಕ್ಷತ್ರದ ಮೇಲಿನ ಕಲೆಗಳು ಸಂಕ್ರಮಣದ ಆಕಾರವನ್ನು ಸ್ವಲ್ಪ ಕೆಡಿಸಿ ವೇಳೆಯನ್ನು ಸರಿಸಿದಂತೆ ತೋರಿಸಬಲ್ಲವು. ನಕ್ಷತ್ರಕ್ಕೆ ದೂರದ ಜೊತೆನಕ್ಷತ್ರವಿದ್ದರೆ, ಅದರ ಸೆಳೆತದಿಂದ ನಕ್ಷತ್ರ ನಮ್ಮಿಂದ ಹತ್ತಿರಕ್ಕೂ ದೂರಕ್ಕೂ ಸರಿಯುವುದರಿಂದ, ಬೆಳಕು ನಮ್ಮನ್ನು ತಲುಪುವ ಕಾಲವೇ ಬದಲಾಗುತ್ತದೆ. ನಮ್ಮ ಗಡಿಯಾರಗಳೂ ಕಾರಣವಾಗಬಹುದು: ಸೂರ್ಯನಿಂದ ಭೂಮಿಗೆ ಬೆಳಕಿನ ಪಯಣ ಸುಮಾರು 8.3 ನಿಮಿಷ; ಭೂಮಿ ಸೂರ್ಯನನ್ನು ಸುತ್ತುತ್ತಾ ಆ ನಕ್ಷತ್ರಕ್ಕೆ ಒಮ್ಮೆ ಹತ್ತಿರ, ಒಮ್ಮೆ ದೂರ ಇರುವುದರಿಂದ, ಭೂಮಿಯ ಸ್ಥಾನಕ್ಕೆ ತಕ್ಕ ತಿದ್ದುಪಡಿ ಮಾಡದಿದ್ದರೆ ಒಂದು ವರ್ಷದ ಅವಧಿಯ ಸುಳ್ಳು ಅಲೆಯೊಂದು ಎದ್ದು ನಿಲ್ಲುತ್ತದೆ. ಬೇರೆಬೇರೆ ವೀಕ್ಷಕರ ವೇಳೆಗಳನ್ನು ನೀವು ಒಂದೇ ಪಟ್ಟಿಯಲ್ಲಿ ಸೇರಿಸಿದ್ದೀರಿ, ಯಾವುದು ಯಾವ ಕಾಲಮಾನದಲ್ಲಿದೆ (ವೇಳೆ ಎಣಿಸುವ ಯಾವ ಪದ್ಧತಿಯಲ್ಲಿದೆ) ಎಂದು ಎಲ್ಲಿಯೂ ಹೇಳಿಲ್ಲ. ಕಾಲಮಾನಗಳ ನಡುವೆ ಒಂದು ನಿಮಿಷಕ್ಕೂ ಮೀರಿದ ಅಂತರ ಇರಬಹುದಾದ್ದರಿಂದ, ಈ ವಿವರ ಇಲ್ಲದೆ ಆ ಪಟ್ಟಿಯನ್ನು ನಾನು ಅಚ್ಚಿಗೆ ಕೊಡಲಾರೆ.

ಕೊನೆಯ ಭಾಗದಲ್ಲಿರುವ ಟ್ರಾಪಿಸ್ಟ್-1 ಎಂಬ ನಕ್ಷತ್ರದ ವಿವರಣೆಯನ್ನು ಈ ಲೇಖನದಿಂದ ಬಿಡಿ. ಅಲ್ಲಿಯ ಏಳು ಗ್ರಹಗಳೂ ನಕ್ಷತ್ರದ ಮುಂದೆ ಹಾದುಹೋಗುತ್ತವೆ. ವೇಳೆಯ ವಿಚಲನೆಯನ್ನು ಅಲ್ಲಿ ಬಳಸಿದ್ದು ಮುಖ್ಯವಾಗಿ ಅವುಗಳ ದ್ರವ್ಯರಾಶಿಯನ್ನು ತಿಳಿಯಲು. ಅದನ್ನು ಪ್ರತ್ಯೇಕ ಲೇಖನವಾಗಿ ಬೆಳೆಸುವುದಾದರೆ ಅದನ್ನೂ ಓದಲು ಸಿದ್ಧನಿದ್ದೇನೆ. ಮೊದಲು ಇದನ್ನು ತಿದ್ದಿ, ವೇಳೆಗಳ ಪಟ್ಟಿಯ ಜೊತೆಗೆ ನೀವು ಮಾಡಿದ ಲೆಕ್ಕದ ಪ್ರತಿಯನ್ನೂ ಇಟ್ಟು ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ