ಸುಸ್ತಾದವನಿಗೆ ಬೇರೆ ನಿಯಮವೇ?

ಓದುಗರ ಪತ್ರ: ಸಂಪಾದಕರೇ, ಒಂದೇ ದಾರಿಯನ್ನು ಮತ್ತೆ ಮತ್ತೆ ಸುತ್ತುವ 24 ಗಂಟೆಗಳ ಹವ್ಯಾಸಿ ಮೌಂಟನ್ ಬೈಕ್ ರೇಸಿನ ಒಂಟಿ ಸವಾರರ ವಿಭಾಗದಲ್ಲಿ ಈ ಸಲ ಐದನೆಯವನಾಗಿ ಬಂದೆ. ನಾಲ್ಕನೆಯ ಸ್ಥಾನ ಪಡೆದ ಸವಾರ ಬೆಳಗಿನ ಜಾವ ನನ್ನ ಕಣ್ಣೆದುರೇ ಒಂದು ಕಡಿದಾದ ತಿರುವಿನಲ್ಲಿ ತಲೆ ತಗ್ಗಿಸಿ, ದಾರಿಗೆ ಕಟ್ಟಿದ್ದ ಪಟ್ಟಿಯ ಕೆಳಗೆ ನುಗ್ಗಿ, ಹುಲ್ಲಿನ ಮೇಲೆ ಸೀದಾ ಕೆಳಗಿನ ದಾರಿಗೆ ಇಳಿದುಬಿಟ್ಟ. ಬಹುಮಾನ ವಿತರಣೆಯ ಹೊತ್ತಿಗೆ ನಾನು ಇದನ್ನು ಎತ್ತಿದಾಗ, ‘ನಿದ್ದೆಗಣ್ಣು, ಏನೂ ಕಾಣಿಸಲಿಲ್ಲ’ ಎಂದ. ಸಂಘಟಕರು ‘ಹಣದ ಬಹುಮಾನವೇ ಇಲ್ಲದ ರೇಸಿಗೆ ಇಷ್ಟೊಂದು ರಂಪವೇಕೆ’ ಎಂದು ನಕ್ಕು ಕಳಿಸಿದರು. ಸುಸ್ತಾದವನ ತಪ್ಪನ್ನು ಎತ್ತಿ ಆಡಿ ನಾನೇ ಸಣ್ಣವನಾದೆನೇ? — ಹೆಸರು ಬೇಡವೆಂದ ಓದುಗ

ಸಂಪಾದಕರ ಉತ್ತರ: ಖಂಡಿತ ಸಣ್ಣವರಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಿಮ್ಮನ್ನೂ ಒಂದಿಷ್ಟು ತರಾಟೆಗೆ ತೆಗೆದುಕೊಳ್ಳುವುದಿದೆ.

ಸುಸ್ತಿನ ಪರವಾಗಿ ಹೇಳಬೇಕಾದದ್ದನ್ನು ಹೇಳಿ ಮುಗಿಸೋಣ. ನಿದ್ದೆಗೆಟ್ಟವನ ಬುದ್ಧಿ ಮಂಕಾಗುತ್ತದೆ ಎಂಬುದು ಅಳೆದು ನೋಡಿದ ಸಂಗತಿ. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಗೆ ಅದು ಶೇ 0.10ರ ಆಸುಪಾಸಿಗೆ ಬರುತ್ತದೆ. ಮಧ್ಯಾಹ್ನ 12ಕ್ಕೆ ಹೊರಡುವ ರೇಸಿಗೆಂದು ಬೆಳಿಗ್ಗೆ 6ಕ್ಕೆ ಎದ್ದವನು ಮರುದಿನ ನಸುಕಿನ 4 ಗಂಟೆಗೆ 22 ಗಂಟೆಗಳ ಎಚ್ಚರದಲ್ಲಿರುತ್ತಾನೆ. ದೇಹದ ಗಡಿಯಾರವೂ ಅದೇ ಹೊತ್ತಿಗೆ ತಳ ಕಂಡಿರುತ್ತದೆ. ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಕಲ್ಲು, ಬೇರು, ನೆರಳು ಎಲ್ಲವೂ ಒಂದೇ ಬಣ್ಣ. ಅಂಥ ಹೊತ್ತಿನಲ್ಲಿ ದಾರಿ ತಪ್ಪಿದವನನ್ನು ಕಳ್ಳನೆಂದು ಕರೆಯಲು ನನಗೂ ಬಾಯಿ ಬರುವುದಿಲ್ಲ.

ಅಲ್ಲಿಗೆ ನನ್ನ ಕನಿಕರ ಮುಗಿಯಿತು. ನಿಮ್ಮ ಪತ್ರದಲ್ಲೇ ಇದೆಯಲ್ಲ, ಆತ ‘ತಲೆ ತಗ್ಗಿಸಿ’ ನುಗ್ಗಿದ ಎಂದು. ಕಾಣದ ಪಟ್ಟಿಗೆ ಯಾರಾದರೂ ತಲೆ ತಗ್ಗಿಸುತ್ತಾರೆಯೇ? ನೀವು ಜೊತೆಗಿಟ್ಟ ಫಲಿತಾಂಶದ ಹಾಳೆಯನ್ನೂ ನೋಡಿದೆ. ಕತ್ತಲಾದ ಮೇಲೆ ಎಲ್ಲರ ಸುತ್ತುಗಳೂ ಒಂದೊಂದಾಗಿ ನಿಧಾನವಾಗುತ್ತಾ ಹೋಗಿವೆ. ಈತನ ಒಂದು ಸುತ್ತು ಮಾತ್ರ ಹಿಂದಿನದಕ್ಕಿಂತ ನಾಲ್ಕು ನಿಮಿಷ ಬೇಗ ಮುಗಿದು, ಮುಂದಿನದು ಮತ್ತೆ ಹಳೆಯ ಲೆಕ್ಕಕ್ಕೆ ಬಂದಿದೆ. ಆ ಸಾಲಿನ ಕೆಳಗೆ ನೀವು ಕೆಂಪು ಗೆರೆ ಎಳೆಯುವ ಅಗತ್ಯವೇ ಇರಲಿಲ್ಲ.

ಸರಿ, ತಲೆ ತಗ್ಗಿಸಿದ್ದೂ ನಿದ್ದೆಯಲ್ಲೇ ಎಂದುಕೊಳ್ಳೋಣ. ಆಮೇಲೆ ಆತ ಮಲಗಿ ಎದ್ದಿದ್ದಾನೆ, ಸ್ನಾನ ಮಾಡಿದ್ದಾನೆ, ಊಟ ಮಾಡಿದ್ದಾನೆ. ತಾತ್ಕಾಲಿಕ ಫಲಿತಾಂಶದಲ್ಲಿ ತನ್ನ ಹೆಸರು ಹುಡುಕಿಕೊಂಡಿದ್ದಾನೆ. ಆಕ್ಷೇಪಣೆಗೆಂದು ಕೊಡುವ ಸಮಯ ಕಳೆಯುವವರೆಗೂ ಅದರ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ. ನಸುಕಿನ 4 ಗಂಟೆಯ ತಪ್ಪನ್ನು ನಾನು ಸುಸ್ತಿನ ಖಾತೆಗೆ ಬರೆದೇನು. ಸಂಜೆಯ ಮೌನವನ್ನು ಯಾವ ಖಾತೆಗೆ ಬರೆಯಲಿ? ದಾರಿ ಬಿಟ್ಟವನು ಬಿಟ್ಟ ಜಾಗದಿಂದಲೇ ಮತ್ತೆ ದಾರಿಗೆ ಸೇರಬೇಕು ಎಂಬುದು ಈ ಆಟದ ಸರಳ ನಿಯಮ. ರಾತ್ರಿ ಆಗದಿದ್ದರೆ ಹಗಲಲ್ಲಿ ತಪ್ಪು ಸರಿಪಡಿಸಬಹುದಿತ್ತು. ಟೈಮಿಂಗ್ ಮೇಜಿಗೆ ಹೋಗಿ ‘ಆ ಸುತ್ತನ್ನು ತೆಗೆದುಹಾಕಿ’ ಎಂದಿದ್ದರೆ ಸಾಕಿತ್ತು. ಸುಸ್ತಾದ ಮನುಷ್ಯನನ್ನು ತೂಗಬೇಕಾದದ್ದು ಅವನು ನಿದ್ದೆ ಮಾಡಿ ಎದ್ದ ಮೇಲೆ.

ಸುಸ್ತು ಅವನೊಬ್ಬನ ಸ್ವತ್ತೂ ಅಲ್ಲ. ಅದೇ ನಸುಕಿನಲ್ಲಿ ಅದೇ ತಿರುವನ್ನು, ಪಂಕ್ಚರ್ ಹಾಕಿ ಹಾಕಿ ಬೆರಳ ತುದಿ ಒಡೆದುಕೊಂಡ ಕಟ್ಟಕಡೆಯ ಸವಾರನೂ ಪೂರ್ತಿಯಾಗಿ ಸುತ್ತಿ ಬಂದಿದ್ದಾನೆ. ಅವನು ಯಾರ ಫೋಟೊದಲ್ಲೂ ಬೀಳುವುದಿಲ್ಲ. ಎಷ್ಟೋ ಸಲ ಅವನು ಬರುವ ಹೊತ್ತಿಗೆ ಮುಕ್ತಾಯದ ಕಮಾನನ್ನೂ ಬಿಚ್ಚಿರುತ್ತಾರೆ. ನನ್ನ ಪಕ್ಷಪಾತ ಅವನ ಕಡೆಗೆ, ಮುಚ್ಚಿಡುವುದೇನಿದೆ?

ಸೈಕಲ್ ರೇಸಿನಲ್ಲಿ ಮೋಸ ನಿನ್ನೆ ಮೊನ್ನೆಯದಲ್ಲ. 1904ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರನ್ನೂ ಅನರ್ಹಗೊಳಿಸಿ, ಐದನೆಯವನಾಗಿ ಬಂದ ಆನ್ರಿ ಕಾರ್ನೆ ಎಂಬ 19ರ ಹುಡುಗನಿಗೆ ಗೆಲುವು ಕೊಟ್ಟರು. ಐದನೆಯವರಾದ ನಿಮಗೆ ಇದರಿಂದ ಸಮಾಧಾನವಾಗಲಿ ಎಂದೇನೂ ಹೇಳುತ್ತಿಲ್ಲ. ಅದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಅದೇ ರೇಸಿನ 1913ರ ಸವಾರ ಯೂಜೀನ್ ಕ್ರಿಸ್ತೋಫ್‌ನ ಕಥೆ. ಟೂರ್‌ಮಲೆ ಬೆಟ್ಟದ ಇಳಿಜಾರಿನಲ್ಲಿ ಅವನ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿಡುವ ಫೋರ್ಕ್ ಮುರಿಯಿತು. ಹೊರಗಿನವರ ನೆರವು ಪಡೆಯುವಂತಿರಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ಮೈಲಿಗಟ್ಟಲೆ ನಡೆದು, ಸೇಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬಡಿದು ಕೂಡಿಸಿದ. ಎರಡೇ ಕೈಗಳಲ್ಲಿ ಎಲ್ಲವೂ ಆಗದೆ ಅಲ್ಲಿದ್ದ ಹುಡುಗನೊಬ್ಬ ತಿದಿ ಒತ್ತಿದ. ಅಷ್ಟಕ್ಕೇ ದಂಡ ಹಾಕಿದರು. ಆ ದಂಡ ಕ್ರೂರವಾಯಿತು ಎಂದು ಬಹಳ ಜನ ಬರೆದಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ಗಂಟೆಗಟ್ಟಲೆ ಕಳೆದುಕೊಂಡು, ಗೆಲ್ಲುವ ಆಸೆ ಪೂರ್ತಿ ಮಣ್ಣುಪಾಲಾದ ಮೇಲೂ ಸುತ್ತಿಗೆಯನ್ನು ಬೇರೆಯವರ ಕೈಗೆ ಕೊಡದೆ ನಿಂತನಲ್ಲ, ಅವನಿಗೆ ಸುಸ್ತಾಗಿರಲಿಲ್ಲವೇ?

ಹೊರಗಿನವರ ನೆರವಿನ ಮಾತು ಬಂದದ್ದರಿಂದ ಈಗ ನಿಮ್ಮ ಸರದಿ. ಜಾಗ ಸಾಲದೆ ನಿಮ್ಮ ಪತ್ರದ ಮೂರನೇ ಪುಟವನ್ನು ಅಚ್ಚು ಹಾಕಿಲ್ಲ. ಅದರಲ್ಲಿ ನೀವು ಎಳೆ ಬಿಸಿಲಿನ ವರ್ಣನೆಯ ನಡುವೆ ಒಂದು ಸಾಲು ಜಾರಿಸಿದ್ದೀರಿ: ‘ಏರಿನ ತುದಿಯಲ್ಲಿ ಭಾವಮೈದ ಕಾದು ನಿಂತಿದ್ದು ತಣ್ಣನೆಯ ಬಾಟಲಿ ಕೈಗಿತ್ತ, ಹೋದ ಜೀವ ಬಂದಂತಾಯಿತು.’ ನೀವೇ ಕಳಿಸಿದ ನಕ್ಷೆಯಲ್ಲಿ ಫೀಡ್ ಝೋನ್, ಅಂದರೆ ಸವಾರರು ನೀರು-ಆಹಾರ ಪಡೆಯುವ ಜಾಗ, ಇರುವುದು ಏರಿನ ಬುಡದಲ್ಲಿ. ತುದಿಯಲ್ಲಿ ಏನೂ ಇಲ್ಲ. ನೀರು, ಬಿಡಿಭಾಗ, ರಿಪೇರಿ ಎಲ್ಲವೂ ಗೊತ್ತುಮಾಡಿದ ಜಾಗದಲ್ಲೇ ಎಂದು ನಿಯಮ ಇರುವುದು, ಬೆಟ್ಟದ ತುದಿಗೆ ಬಂದು ನಿಲ್ಲುವ ಭಾವಮೈದ ಎಲ್ಲರಿಗೂ ಇರುವುದಿಲ್ಲವಾದ್ದರಿಂದ. ಎರಡು ಬಾಟಲಿಗಳ ಭಾರ ಹೊತ್ತು ಆ ಏರನ್ನು ಹತ್ತಿದವನು ನಿಮ್ಮ ಹಿಂದೆಯೇ ಇದ್ದ. ನಾಲ್ಕು ನಿಮಿಷಕ್ಕೂ ಒಂದು ಬಾಟಲಿಗೂ ಅಜಗಜಾಂತರ, ನಿಜ. ಬಾಟಲಿ ಕೊಟ್ಟವನ ಮೇಲಿನ ಪ್ರೀತಿಯೂ ನಿಜ. ಆದರೂ ಆ ಸಾಲು ಮೊದಲ ಪುಟಕ್ಕೆ ಏಕೆ ಬರಲಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಇನ್ನು ‘ಹಣವೇ ಇಲ್ಲದ ರೇಸು’ ಎಂಬ ಮಾತು. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಣವಿದ್ದಲ್ಲಿ ಸೋತವನಿಗೆ ಎರಡನೆಯ, ಮೂರನೆಯ ಬಹುಮಾನವಾದರೂ ದಕ್ಕೀತು. ಹಣವಿಲ್ಲದ ಕಡೆ ಇರುವುದು ಹಾಳೆಯ ಮೇಲಿನ ಒಂದು ಸಾಲು ಮಾತ್ರ. ಅದನ್ನೂ ಸುಳ್ಳು ಮಾಡಿದರೆ ಉಳಿಯುವುದೇನು? ಹಣವಿಲ್ಲದಿದ್ದರೆ ಮೋಸವೂ ಇರದು ಎಂದುಕೊಳ್ಳುವವರು 2012ರಲ್ಲಿ ನ್ಯೂಯಾರ್ಕಿನ ಗ್ರಾನ್ ಫೊಂಡೊ ಎಂಬ ದೂರದ ಸೈಕಲ್ ಸ್ಪರ್ಧೆಯಲ್ಲಿ ಇಬ್ಬರು ಹವ್ಯಾಸಿ ಸವಾರರು ಇಪಿಒ ಎಂಬ ನಿಷೇಧಿತ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದದ್ದನ್ನು ನೆನೆಯಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನೇಮಿಸಿದ ಸ್ವತಂತ್ರ ಆಯೋಗವೇ 2015ರ ವರದಿಯಲ್ಲಿ, ಮದ್ದಿನ ಪಿಡುಗು ಹವ್ಯಾಸಿಗಳಲ್ಲೂ ಬೇರೂರುತ್ತಿದೆ ಎಂದು ಬರೆಯಿತು. ಯಾವ ರೊಕ್ಕಕ್ಕಾಗಿ?

ನನ್ನ ಅನುಮಾನ ಬೇರೆಯೇ. ಈ ರೇಸುಗಳ ಜಾಹೀರಾತು ನೋಡಿ: ನರಕ, ಸಂಕಟ, ಕೆಸರು ಮೆತ್ತಿದ ಮುಖ, ‘ನಿಮ್ಮ ಮಿತಿಯನ್ನು ಮೀರಿ’. ನಮ್ಮಂಥ ಪತ್ರಿಕೆಗಳೂ ಅದಕ್ಕೇ ಆರತಿ ಎತ್ತುತ್ತವೆ. ನೋವುಂಡವನೇ ದೊಡ್ಡವನು ಎಂದು ವರ್ಷವಿಡೀ ಕೂಗಿದ ಮೇಲೆ, ಬೇಕಾದಷ್ಟು ನೋವುಂಡವನಿಗೆ ಲೋಕ ತನಗೇನೋ ಬಾಕಿ ಉಳಿಸಿಕೊಂಡಿದೆ ಎನಿಸದೆ ಇರುತ್ತದೆಯೇ? ನಾಲ್ಕು ನಿಮಿಷವನ್ನು ಆತ ಆ ಬಾಕಿಗೆ ಜಮಾ ಮಾಡಿಕೊಂಡಿದ್ದಾನೆ.

ಸಂಘಟಕರ ವಿಷಯಕ್ಕೆ ಬಂದರೆ, ಅವರಿಗೆ ಡ್ರೋನ್ ಬೇಕು, ಹೊಗೆಯುಗುಳುವ ಯಂತ್ರ ಬೇಕು, ಅಂಗೈ ಅಗಲದ ಪದಕ ಬೇಕು. ಸವಾರನ ನಂಬರ್ ಫಲಕದ ಚಿಪ್ಪನ್ನು ಓದುವ ಟೈಮಿಂಗ್ ಮ್ಯಾಟ್ ಮಾತ್ರ ಒಂದೇ, ಅದೂ ಹೊರಡುವ ಗೆರೆಯಲ್ಲಿ. ಸುತ್ತಿನ ಆಚೆ ತುದಿಯಲ್ಲಿ ಇನ್ನೊಂದನ್ನು ಹಾಸಿದರೆ ದೊಡ್ಡ ಅಡ್ಡದಾರಿಗಳು ತಾವಾಗಿಯೇ ಸಿಕ್ಕಿಬೀಳುತ್ತವೆ. ತಿರುವು ಕಡಿಯುವ ಸಣ್ಣಪುಟ್ಟ ಆಸೆಗೆ, ದಾರಿ ಕಾಯುವ ಮಾರ್ಷಲ್ ಒಬ್ಬ ಅಲ್ಲಿ ಕಂಬಳಿ ಹೊದ್ದು ಕುಳಿತಿದ್ದರೂ ಸಾಕು.

ಉತ್ತರ ಅಮೆರಿಕದ ಟೂರ್ ಡಿವೈಡ್ ಸೈಕಲ್ ರೇಸಿಗೆ ಮ್ಯಾಟೂ ಇಲ್ಲ, ಮಾರ್ಷಲ್ಲೂ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ, ಬಹುಮಾನವೂ ಇಲ್ಲ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ ಸುಮಾರು 4,400 ಕಿಲೋಮೀಟರ್ ದಾರಿ. ಎಲ್ಲರಿಗೂ ಸಿಗುವ ಅಂಗಡಿಯಲ್ಲಿ ಕೊಳ್ಳಬಹುದು, ತನಗಾಗಿ ಕಾದು ನಿಂತವರಿಂದ ಏನನ್ನೂ ಪಡೆಯುವಂತಿಲ್ಲ. ಉಪಗ್ರಹದ ಟ್ರ್ಯಾಕರ್ ಒಂದಿಷ್ಟು ಕಾವಲು ಕಾಯುತ್ತದೆ, ಉಳಿದದ್ದೆಲ್ಲ ಸವಾರನ ಮಾತಿನ ಮೇಲೆ ನಡೆಯುತ್ತದೆ.

ನಿಯಮದ ಕಟ್ಟಾಳು ನಾನಲ್ಲ ಎಂಬುದಕ್ಕೂ ಒಂದು ಸಾಕ್ಷಿ ಇರಲಿ. 1996ರಲ್ಲಿ ಜಾನ್ ಸ್ಟಾಮ್‌ಸ್ಟಾಡ್ ಎಂಬ ಸವಾರ 24 ಗಂಟೆಗಳ ರೇಸೊಂದರಲ್ಲಿ ನಾಲ್ವರ ತಂಡಗಳ ನಡುವೆ ತನ್ನದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ತಂಡ ನೋಂದಾಯಿಸಿ, ನಾಲ್ವರ ಸುತ್ತುಗಳನ್ನೂ ಒಬ್ಬನೇ ತುಳಿದ. ಅರ್ಜಿಯಲ್ಲಿ ಬರೆದದ್ದು ಅಪ್ಪಟ ಸುಳ್ಳು. ನಾನಾಗಿದ್ದರೆ ಅವನಿಗೆ ಚಹಾ ಕೊಟ್ಟು ಕಳಿಸುತ್ತಿದ್ದೆ. ಆ ಸುಳ್ಳಿನ ಹೊರೆಯೆಲ್ಲ ಅವನ ಬೆನ್ನಿನ ಮೇಲೆಯೇ ಬಿತ್ತು, ಪಕ್ಕದವನ ಸ್ಥಾನವನ್ನು ಅದು ಕಸಿಯಲಿಲ್ಲ.

ನೀವು ಮಾಡಬಹುದಾಗಿದ್ದದ್ದು ಇಷ್ಟು: ಆ ತಿರುವಿನಲ್ಲೇ ಅವನ ನಂಬರ್ ಕೂಗಿ ‘ಹಿಂದಕ್ಕೆ ಬನ್ನಿ’ ಎನ್ನಬಹುದಿತ್ತು. ನಿದ್ದೆಗಣ್ಣೇ ಆಗಿದ್ದರೆ ಆತ ಎಚ್ಚೆತ್ತು ಹಿಂದಿರುಗುತ್ತಿದ್ದನೇನೋ. ಸುತ್ತು ಮುಗಿದೊಡನೆ ಟೈಮಿಂಗ್ ಮೇಜಿಗೆ ಹೇಳಬಹುದಿತ್ತು. ಅಷ್ಟು ಹೊತ್ತು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಪದಕ ಹಂಚುವ ಹೊತ್ತಿಗೆ, ಎಲ್ಲರೆದುರು ಎತ್ತಿದ್ದರಿಂದ ನ್ಯಾಯದ ಮಾತು ಜಗಳದಂತೆ ಕೇಳಿಸಿತು.

ಈಗಲೂ ತಡವಾಗಿಲ್ಲ. ಸಂಘಟಕರಿಗೆ ಕಾಗದ ಬರೆಯಿರಿ. ಆ ಸವಾರನ ವಿಷಯ ಎರಡೇ ಸಾಲಿರಲಿ, ಎರಡನೆಯ ಮ್ಯಾಟಿನ ಬೇಡಿಕೆ ದೊಡ್ಡದಾಗಿರಲಿ, ಬಾಟಲಿಯ ಸಂಗತಿ ಎಲ್ಲಕ್ಕಿಂತ ಮೊದಲಿರಲಿ. ಅದರ ಒಂದು ನಕಲನ್ನು ನನಗೂ ಕಳಿಸಿ. ಈ ಸಲ ಒಂದು ಪುಟವನ್ನೂ ಬಿಡದೆ ಅಚ್ಚು ಹಾಕುತ್ತೇನೆ.