ಶಾ ಬಡಾವಣೆಗೆ ಬರುತ್ತಿರುವ ತಮ್ಮನಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ತಮ್ಮನಿಗೆ ಬರೆದ ಹಾಗೆಯೇ ಬರೆಯುತ್ತೇನೆ.

ವಾಷಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಇಲ್ಲಿನ ಶಾ (Shaw) ಬಡಾವಣೆಯ ಹೊಸ ಕಟ್ಟಡದಲ್ಲಿ ಒಂದು ಬೆಡ್‌ರೂಮಿನ ಮನೆ ನೋಡಿದ್ದೇನೆ ಅಂತ ಬರೆದಿದ್ದೀಯ. ಮೂರು ವಿಷಯ ಕೇಳಿದ್ದೀಯ. "ಇಪ್ಪತ್ತು ವರ್ಷದ ಹಿಂದೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ, ಈಗ ಸುಧಾರಿಸಿದೆ" ಅಂತ ಆಫೀಸಿನವರು ಹೇಳುವುದು ನಿಜವಾ? ಎದುರಿನ ಹಳೇ ಮನೆಗಳ ಮೆಟ್ಟಿಲ ಮೇಲೆ ದಿನವಿಡೀ ಕೂತಿರುವ ಕಪ್ಪು ಜನರಿಂದ ತೊಂದರೆ ಇದೆಯಾ? ಎರಡು ವರ್ಷ ಬಿಟ್ಟು ಅಲ್ಲೇ ಒಂದು ರೋ ಹೌಸ್ (ಗೋಡೆಗೆ ಗೋಡೆ ಅಂಟಿದ ಸಾಲುಮನೆ) ಕೊಂಡರೆ ಲಾಭವಾ?

ನಾನು ಇಲ್ಲಿಗೆ ಬಂದಿದ್ದು 2004ರಲ್ಲಿ. ಆ 'ಯಾರೂ' ಅನ್ನುವ ಮಾತನ್ನು ನನಗೂ ಹೇಳಿದ್ದರು. ನಾನೂ ನಂಬಿದ್ದೆ. ನಿನ್ನ ಉಳಿದ ಎರಡು ಪ್ರಶ್ನೆ ಹುಟ್ಟಿದ್ದೂ ಆ ಮಾತಿನಿಂದಲೇ, ಅದಕ್ಕೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಆಗಲೂ ಇಲ್ಲಿ ಜನ ಇದ್ದರು. ಮನೆಮನೆಯಲ್ಲೂ ಇದ್ದರು. ಹೆಚ್ಚಾಗಿ ಕಪ್ಪು ಜನರೇ ಓದುವ ಹೊವರ್ಡ್ ಯೂನಿವರ್ಸಿಟಿ ಶುರುವಾಗಿದ್ದು 1867ರಲ್ಲಿ. ಹೊವರ್ಡ್ ಥಿಯೇಟರ್ 1910ರದ್ದು. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಓಡಾಡಿ ಬೆಳೆದ ಬೀದಿಗಳಿವು. ಬಿಳಿಯರ ಹೋಟೆಲು, ಥಿಯೇಟರುಗಳಲ್ಲಿ ಕಪ್ಪು ಜನರನ್ನು ಒಳಗೆ ಬಿಡದ ಕಾಲದಲ್ಲಿ ಯು ಸ್ಟ್ರೀಟಿನಲ್ಲಿ ಅವರದೇ ಬ್ಯಾಂಕು, ಅವರದೇ ಹೋಟೆಲು, ಅವರದೇ ಡಾಕ್ಟರು, ವಕೀಲರು ಇದ್ದರು. 1970ರಲ್ಲಿ ಇಡೀ ಊರಿನ ನೂರರಲ್ಲಿ 71 ಜನ ಅವರೇ. ಪ್ರೀತಿಯಿಂದ 'ಚಾಕೊಲೇಟ್ ಸಿಟಿ' ಅನ್ನುತ್ತಿದ್ದರು. 2020ರ ಜನಗಣತಿಯಲ್ಲಿ ಅದು ಸುಮಾರು 41ಕ್ಕೆ ಇಳಿದಿತ್ತು.

ಅವರಿಗೆ ಈ ಮನೆಗಳು ಸುಮ್ನೆ ಸಿಕ್ಕಿದ್ದಲ್ಲ. ಪಕ್ಕದ ಬ್ಲೂಮಿಂಗ್‌ಡೇಲ್ ಬಡಾವಣೆಯ ಬ್ರಯಂಟ್ ಸ್ಟ್ರೀಟಿನಲ್ಲಿ, ಕಪ್ಪು ಜನರಿಗೆ ಮಾರಕೂಡದು ಅಂತ ಕ್ರಯಪತ್ರದಲ್ಲೇ ಬರೆದಿತ್ತು. ಆದರೂ ಕೊಂಡವರನ್ನು ಕೋರ್ಟಿಗೆ ಎಳೆದರು. ಇದೇ ಊರಲ್ಲಿ ಹುಟ್ಟಿದ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರ ಪರ ನಿಂತು 1948ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನಿನ್ನ ಹೊಸ ಕಟ್ಟಡದಿಂದ ಆ ಬೀದಿಗೆ ನಡೆದೇ ಹೋಗಬಹುದು. ಒಮ್ಮೆ ಹೋಗಿ ನೋಡಿಕೊಂಡು ಬಾ.

ಆಮೇಲೆ 1968 ಬಂತು. ಏಪ್ರಿಲ್ 4ರಂದು ಡಾ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿ ಬಂದಾಗ ಜನ ಸೇರಿದ್ದು 14ನೇ ಬೀದಿ ಮತ್ತು ಯು ಸ್ಟ್ರೀಟ್ ಕೂಡುವ ಕಡೆ. ಗಲಭೆ ಎದ್ದು ನಾಲ್ಕು ದಿನ ಬೆಂಕಿ ಉರಿಯಿತು. 13 ಜನ ಸತ್ತರು. ಸುಟ್ಟ ಅಂಗಡಿಗಳ ಜಾಗ ಎಷ್ಟೋ ವರ್ಷ ಹಾಗೇ ಬಿದ್ದಿತ್ತು. ಕೈಯಲ್ಲಿ ನಾಲ್ಕು ಕಾಸು ಇದ್ದವರು ಪಕ್ಕದ ರಾಜ್ಯ ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜ್ಸ್ ಕೌಂಟಿ ಕಡೆ ಹೋದರು, ಅಲ್ಲಿ ದೊಡ್ಡ ಮನೆ, ಅಂಗಳ ಸಿಗುತ್ತಿತ್ತು. ಇಲ್ಲಿ ಡ್ರಗ್ಸ್ ಹಾವಳಿ ಬಂತು. ಮೆಟ್ರೋ ಸಲುವಾಗಿ ರಸ್ತೆ ಅಗೆದು, ಉಳಿದ ಅಂಗಡಿಗಳ ವ್ಯಾಪಾರವೂ ನೆಲ ಕಚ್ಚಿತು. 1991ರಲ್ಲಿ ಯು ಸ್ಟ್ರೀಟ್ ಸ್ಟೇಷನ್ ತೆರೆಯಿತು. ಇಷ್ಟೆಲ್ಲ ಕಳೆದ ಮೇಲೂ ಊರು ಬಿಡದೆ ಉಳಿದವರಿದ್ದಾರಲ್ಲ, ನೀನು ಮೆಟ್ಟಿಲ ಮೇಲೆ ನೋಡಿದ್ದು ಅವರನ್ನೇ. ಅವರ ಮಕ್ಕಳನ್ನು, ಮೊಮ್ಮಕ್ಕಳನ್ನು.

ಯು ಸ್ಟ್ರೀಟಿನ ಬೆನ್ಸ್ ಚಿಲಿ ಬೌಲ್ ಹೋಟೆಲಿಗೆ ನಿನ್ನನ್ನು ಯಾರಾದರೂ ಕರೆದುಕೊಂಡು ಹೋಗೇ ಹೋಗುತ್ತಾರೆ. ಆ ಹೋಟೆಲನ್ನು 1958ರಲ್ಲಿ ಹೆಂಡತಿ ವರ್ಜೀನಿಯಾ ಜೊತೆ ಶುರು ಮಾಡಿದ ಬೆನ್ ಅಲಿ ಟ್ರಿನಿಡಾಡ್‌ನಲ್ಲಿ ಬೆಳೆದವರು, ಭಾರತೀಯ ಮೂಲದವರು, ಹೊವರ್ಡ್‌ನಲ್ಲಿ ಓದಿದವರು. ಬೆಂಕಿ ಉರಿಯುತ್ತಿದ್ದ ಆ ದಿನಗಳಲ್ಲೂ ಅದರ ಬಾಗಿಲು ತೆರೆದಿತ್ತು. ನಮ್ಮವರ ಬಣ್ಣದ ಮನುಷ್ಯನೊಬ್ಬ ಈ ಬೀದಿಯಲ್ಲಿ ಹೇಗೆ ಬದುಕಬಹುದು ಅಂತ ಯೋಚಿಸುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಇನ್ನೊಂದು ವಿಷಯ ನಮ್ಮವರಲ್ಲಿ ಬಹಳ ಜನ ನೆನಪಿಡುವುದಿಲ್ಲ. ಕಿಂಗ್ ತೀರಿಕೊಂಡು ಒಂದೇ ವಾರಕ್ಕೆ, 1968ರ ಏಪ್ರಿಲ್ 11ರಂದು, ಬಣ್ಣ, ಧರ್ಮ, ದೇಶ ನೋಡಿ ಮನೆ ಕೊಡುವುದಿಲ್ಲ ಅನ್ನುವಂತಿಲ್ಲ ಅಂತ ಕಾನೂನಾಯಿತು. ನಾಳೆ ನೀನು ಬಾಡಿಗೆ ಅರ್ಜಿ ಹಾಕುವಾಗ ನಿನ್ನನ್ನು ಕಾಯುವುದು ಅದೇ ಕಾನೂನು. ಅದಕ್ಕಾಗಿ ಹೋರಾಡಿದವರು ಯಾರು ಅಂತ ಗೊತ್ತಿದ್ದರೆ, ನಮ್ಮ ಮನೆಗಳಲ್ಲಿ ಅವರ ಬಗ್ಗೆ ಆಡುವ ಎಷ್ಟೋ ಮಾತು ಬಾಯಿಗೇ ಬರುತ್ತಿರಲಿಲ್ಲ. 'ಕರಿಯರು' ಅನ್ನುವ ಮಾತನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಬಾ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಮೊದಲ ವರ್ಷ ಪ್ರತಿ ಭಾನುವಾರ ನಮ್ಮ ಬೀದಿಯಲ್ಲಿ ಕಾರುಗಳು ಎರಡು ಸಾಲಾಗಿ ನಿಂತುಬಿಡುತ್ತಿದ್ದವು. ಚರ್ಚಿಗೆ ಬಂದವರ ಕಾರು. ನಮ್ಮ ಕಾರು ಮಧ್ಯಾಹ್ನದವರೆಗೆ ಹೊರಗೆ ತೆಗೆಯಲಾಗುತ್ತಿರಲಿಲ್ಲ. ಸಿಟ್ಟು ಬಂದು ದೂರು ಕೊಟ್ಟೆ. ನಾನೊಬ್ಬಳೇ ಅಲ್ಲ, ಹೊಸದಾಗಿ ಬಂದ ಎಷ್ಟೋ ಜನ ಕೊಟ್ಟರು. ದಂಡ ಹಾಕಲು ಶುರು ಮಾಡಿದರು. ಆಮೇಲೆ ಪಕ್ಕದ ಮನೆಯ ಅಜ್ಜಿ ಒಂದು ದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದರು: ಆ ಕಾರುಗಳಲ್ಲಿ ಬರುವವರು ಇದೇ ಬೀದಿಯಲ್ಲಿ ಹುಟ್ಟಿದವರು. ಈಗ ಮೇರಿಲ್ಯಾಂಡಿನಲ್ಲಿದ್ದಾರೆ. ವಾರಕ್ಕೊಮ್ಮೆ ಊರಿಗೆ ಬರುವ ಹಾಗೆ ಬರುತ್ತಾರೆ. ಗಂಡನ ಅಂತ್ಯಕ್ರಿಯೆ ಆಗಿದ್ದು, ಮಗಳ ಮದುವೆ ಆಗಿದ್ದು ಅದೇ ಚರ್ಚಿನಲ್ಲಿ. ಅಜ್ಜಿ ಬೈಯಲಿಲ್ಲ. ದೂರು ಕೊಟ್ಟವಳು ನಾನೇ ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ. ಕೆಲವು ವರ್ಷಕ್ಕೆ ಆ ಚರ್ಚು ಕಟ್ಟಡ ಮಾರಿ ಮೇರಿಲ್ಯಾಂಡಿಗೆ ಹೋಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಭಾನುವಾರ ಪಾರ್ಕಿಂಗ್ ಧಾರಾಳವಾಗಿ ಸಿಗುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದುಡ್ಡಿರುವ ಹೊಸಬರು ಬಂದು, ಬೆಲೆ ಏರಿ, ಹಳಬರು ಜಾಗ ಬಿಡಬೇಕಾಗುವುದಕ್ಕೆ ಜೆಂಟ್ರಿಫಿಕೇಶನ್ ಅನ್ನುತ್ತಾರೆ. ಅದು ಬಾಡಿಗೆ ಏರುವುದಷ್ಟೇ ಅಂತ ನಾವು ತಿಳಿದುಕೊಳ್ಳುತ್ತೇವೆ. ಸ್ವಂತ ಮನೆ ಇದ್ದವರಿಗೂ ಅದರ ಬಿಸಿ ತಟ್ಟುತ್ತದೆ. ಇಲ್ಲಿ ಮನೆ ತೆರಿಗೆ ಬೆಲೆಯ ಪ್ರತಿ 100 ಡಾಲರಿಗೆ 85 ಸೆಂಟ್. ರಿಯಾಯಿತಿ ಬಿಟ್ಟು ಲೆಕ್ಕ ಹಾಕು: 2 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 1,700. ಅದೇ ಮನೆಗೆ 9 ಲಕ್ಷ ಬೆಲೆ ಕಟ್ಟಿದರೆ 7,650. ಮನೆ ಅದೇ, ಸೂರು ಅದೇ, ಪೆನ್ಷನ್ನೂ ಅದೇ. 65 ದಾಟಿ ಆದಾಯ ಕಡಿಮೆ ಇದ್ದವರಿಗೆ ತೆರಿಗೆ ಅರ್ಧ ಮಾಡುವ ಸೌಲಭ್ಯ ಇದೆ. ಆದರೆ ಅರ್ಜಿ ಹಾಕಬೇಕು. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಅದೂ ಕಷ್ಟ. ವಿಲ್ ಬರೆಯದೆ ಹೋದವರ ಮನೆಯಲ್ಲಿ ನಾಲ್ಕು ಮಕ್ಕಳು, ಹತ್ತು ಮೊಮ್ಮಕ್ಕಳು. ಒಬ್ಬರು ಪಾಲು ಮಾರಿದರೂ ಮನೆ ಅಲ್ಲಾಡುತ್ತದೆ. ಈ ಗೋಳು ನಮಗೇನು ಹೊಸದಲ್ಲ, ಅಲ್ವಾ?

ತೆರಿಗೆ ಬಾಕಿ ಉಳಿದರೆ ಆ ಬಾಕಿಯನ್ನೇ ನಗರಾಡಳಿತ ಹಣ ಹಾಕುವವರಿಗೆ ಮಾರುತ್ತಿತ್ತು. ಅವರು ಬಡ್ಡಿ, ವಕೀಲರ ಫೀಸು ಸೇರಿಸಿ ವಸೂಲಿಗೆ ಬರುತ್ತಿದ್ದರು, ಕೊಡದಿದ್ದರೆ ಮನೆಯೇ ಅವರದು. 134 ಡಾಲರ್ ತೆರಿಗೆ ಬಾಕಿಯಿಂದ ಶುರುವಾಗಿ ಕೊನೆಗೆ ಮನೆಯನ್ನೇ ಕಳೆದುಕೊಂಡ 76 ವರ್ಷದ ಮಾಜಿ ಸೈನಿಕರೊಬ್ಬರ ಕಥೆ 2013ರಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬಂತು. ಗದ್ದಲವಾದ ಮೇಲೆ ನಿಯಮ ಬದಲಾಯಿತು. ನಮ್ಮ ಪಕ್ಕದ ಮನೆ ಅಜ್ಜಿಯ ಟಪಾಲು ಡಬ್ಬಿಗೆ ಈಗಲೂ ವಾರಕ್ಕೆರಡು ಕಾಗದ ಬರುತ್ತವೆ: ನಿಮ್ಮ ಮನೆ ಇದ್ದ ಹಾಗೇ ಕೊಳ್ಳುತ್ತೇವೆ, ನಗದು ಕೊಡುತ್ತೇವೆ. ಫೋನೂ ಬರುತ್ತದೆ. ತಮ್ಮದೇ ಮನೆಯಲ್ಲಿ ಕೂತವರನ್ನು ಎದ್ದು ಹೋಗಿ ಅಂತ ದಿನಾ ಕೇಳಿದ ಹಾಗೆ.

ಎಲ್ಲರನ್ನೂ ಓಡಿಸಿದರು ಅಂತ ನಾನು ಹೇಳುವುದಿಲ್ಲ. ಒಳ್ಳೆ ಬೆಲೆಗೆ ಮಾರಿ ಮಕ್ಕಳನ್ನು ಓದಿಸಿದವರಿದ್ದಾರೆ, ಅದು ಅವರ ಹಕ್ಕು. ಉಳಿದವರಿಗೂ ಒಳ್ಳೆಯ ಅಂಗಡಿ, ಬೀದಿ ದೀಪ ಬೇಕಾಗಿದ್ದವು. ಅಜ್ಜಿ ಅದಕ್ಕಾಗಿ ಎಷ್ಟೋ ಮೀಟಿಂಗಿಗೆ ಹೋಗಿದ್ದಾರೆ. ಅವು ಬಂದಿದ್ದು ಮಾತ್ರ ನಮ್ಮಂಥವರು ಬಂದ ಮೇಲೆ. ಅವರಿಗೆ ಹೆಚ್ಚು ನೋವಾಗುವುದು ಅದಕ್ಕೇ.

ತೊಂದರೆ ಇದೆಯಾ ಅಂತ ಕೇಳಿದ್ದೀಯ. ಕಳ್ಳತನ ಈ ಊರಲ್ಲಿದೆ, ರಾತ್ರಿ ಎಚ್ಚರವಾಗಿರು. ಮೆಟ್ಟಿಲ ಮೇಲೆ ಕೂತವರು ಅದಕ್ಕೆ ಕಾರಣ ಅಲ್ಲ. ಅದು ಅವರ ಜಗಲಿ. ನಾನು ಬಸುರಿಯಾಗಿದ್ದಾಗ ಹಿಮದಲ್ಲಿ ಜಾರಿ ಬಿದ್ದರೆ ಮೊದಲು ಓಡಿ ಬಂದದ್ದು ಆ ಮೆಟ್ಟಿಲಿಂದಲೇ. ಹಾದುಹೋಗುವಾಗ ಗುಡ್ ಮಾರ್ನಿಂಗ್ ಹೇಳು. ಫೋನ್ ನೋಡುತ್ತಾ ಹೋದರೆ ಇಲ್ಲಿ ಅದನ್ನು ಸೊಕ್ಕು ಅಂತಲೇ ತಿಳಿಯುತ್ತಾರೆ. ವಯಸ್ಸಾದ ಹೆಂಗಸರನ್ನು ಬರೀ ಹೆಸರಿಂದ ಕರೆಯಬೇಡ, ಹೆಸರಿಗೆ ಮೊದಲು 'ಮಿಸ್' ಸೇರಿಸು. ನಾವು ಅಮ್ಮ, ಅಕ್ಕ ಸೇರಿಸಿದಂತೆ.

ಸದ್ದು ಕೇಳಿತು ಅಂತ ಪೊಲೀಸರಿಗೆ ಫೋನ್ ಮಾಡಬೇಡ. ಏಳನೇ ಬೀದಿ ಮತ್ತು ಫ್ಲಾರಿಡಾ ಅವೆನ್ಯೂ ಮೂಲೆಯ ಮೊಬೈಲ್ ಅಂಗಡಿಯಲ್ಲಿ 1990ರ ದಶಕದಿಂದ ಗೋ-ಗೋ ಸಂಗೀತ ಹಾಕುತ್ತಿದ್ದರು. ಅದು ಈ ಊರಲ್ಲೇ ಹುಟ್ಟಿದ ಸಂಗೀತ. 2019ರಲ್ಲಿ ಹೊಸ ಅಪಾರ್ಟ್‌ಮೆಂಟಿನಿಂದ ದೂರು ಬಂದು ನಿಲ್ಲಿಸಬೇಕಾಯಿತು. ಸಾವಿರಾರು ಜನ ಬೀದಿಗಿಳಿದರು, ರಸ್ತೆಯಲ್ಲೇ ಬ್ಯಾಂಡ್ ನುಡಿಸಿದರು. ನಾವೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆವು. ಸಂಗೀತ ಮತ್ತೆ ಶುರುವಾಯಿತು. ಮುಂದಿನ ವರ್ಷ ಗೋ-ಗೋವನ್ನು ಊರಿನ ಅಧಿಕೃತ ಸಂಗೀತ ಅಂತ ಕಾನೂನು ಮಾಡಿದರು.

ಮನೆ ಕೊಳ್ಳುವ ವಿಷಯ. ಕೊಳ್ಳಬೇಡ ಅನ್ನಲು ನನಗೆ ಬಾಯಿಲ್ಲ, ನಾವೂ ಕೊಂಡವರೇ. ಆದರೆ ಲಾಭಕ್ಕೆ ಅಂತ ಕೊಂಡು, ಎರಡು ವರ್ಷಕ್ಕೆ ಮಾರಿ ಹೋಗುವ ಯೋಚನೆಯಿದ್ದರೆ ಬೇರೆ ಕಡೆ ನೋಡು. ಉಳಿಯುವ ಮನಸ್ಸಿದ್ದರೆ, ಮನೆ ಮಾರುತ್ತಿರುವುದು ಯಾರು, ಒಳಗೆ ಬಾಡಿಗೆಗೆ ಯಾರಿದ್ದಾರೆ ಅಂತ ಮೊದಲು ಕೇಳು. ಬಾಡಿಗೆದಾರರಿರುವ ಕಟ್ಟಡ ಮಾರುವಾಗ ಅವರಿಗೇ ಮೊದಲು ಕೊಳ್ಳುವ ಅವಕಾಶ ಕೊಡಬೇಕು ಅಂತ ಇಲ್ಲಿ 1980ರಲ್ಲೇ ಕಾನೂನು ಬಂತು. ಒಂಟಿ ಮನೆಗಳನ್ನು 2018ರಲ್ಲಿ ಅದರಿಂದ ಕೈಬಿಟ್ಟರು. "ಖಾಲಿ ಮಾಡಿಸಿ ಕೊಡುತ್ತೇವೆ" ಅಂತ ಯಾರಾದರೂ ಹೇಳಿದರೆ ಆ ಮನೆ ಬೇಡ.

ಬಂದ ಮೊದಲ ಶನಿವಾರ ನಮ್ಮ ಮನೆಗೆ ಊಟಕ್ಕೆ ಬಾ. ಅಜ್ಜಿಗೆ ಈಗ 84, ಇನ್ನೂ ಅದೇ ಮನೆಯಲ್ಲಿದ್ದಾರೆ. ನನ್ನ ಸಾರು ಅವರಿಗೆ ಇಷ್ಟ. ಪರಿಚಯ ಮಾಡಿಸುತ್ತೇನೆ. ಎಲ್ಲಿ ಕೆಲಸ ಅಂತ ಅವರು ಕೇಳುವುದಿಲ್ಲ, ಮೊದಲು ನಿನ್ನ ಅಮ್ಮನ ಬಗ್ಗೆ ಕೇಳುತ್ತಾರೆ. ಅವರ ಬೀದಿಯ ಬಗ್ಗೆ ನೀನೂ ಕೇಳು.