ಅನುದಾನ ಕೇಳುವ ಮೊದಲು ರಸ್ತೆ ಯಾರದು ಅಂತ ಕೇಳಿ

ಪ್ರಶ್ನೆ: ನಮ್ಮೂರಿಂದ ಮುಖ್ಯ ರಸ್ತೆಗೆ ಸೇರುವ ಎರಡೂವರೆ ಕಿಲೋಮೀಟರ್ ದಾರಿ ಪೂರ್ತಿ ತಗ್ಗು ಬಿದ್ದಿದೆ. ಕಬ್ಬಿನ ಸೀಜನ್‌ನಲ್ಲಿ ಬೈಕ್ ಓಡಿಸುವುದೂ ಕಷ್ಟ. ಪಂಚಾಯಿತಿಗೆ ಹೋದರೆ ‘ಅನುದಾನ ಇಲ್ಲ’ ಅಂತಾರೆ. ಪ್ರತಿ ವರ್ಷ ಸರ್ಕಾರದಿಂದ ಲಕ್ಷಗಟ್ಟಲೆ ದುಡ್ಡು ಬರುತ್ತದಲ್ಲ, ಅದರಲ್ಲಿ ನಮ್ಮ ರಸ್ತೆಗೆ ಯಾಕಿಲ್ಲ?
– ಜಮಖಂಡಿ ತಾಲ್ಲೂಕಿನ ರೈತರೊಬ್ಬರು

ಉತ್ತರ: ಅಣ್ಣಾರೆ, ಪಂಚಾಯಿತಿಯವರು ನಿಮಗೆ ಕೊಟ್ಟಿದ್ದು ಅರ್ಧ ಉತ್ತರ. ದುಡ್ಡಿನ ಮಾತು ಆಮೇಲೆ, ಆ ರಸ್ತೆ ಯಾರ ಲೆಕ್ಕದಲ್ಲಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಊರೊಳಗಿನ ಓಣಿ ರಸ್ತೆ ಗ್ರಾಮ ಪಂಚಾಯಿತಿಯದು. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಯನ್ನು ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು ನೋಡಿಕೊಳ್ಳುತ್ತಾರೆ. ಜಿಲ್ಲಾ ಮುಖ್ಯ ರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ನಿಮ್ಮ ಎರಡೂವರೆ ಕಿಲೋಮೀಟರ್ ಬಹುಶಃ ಪಂಚಾಯಿತಿಯದೇ ಅಲ್ಲ, ಅಲ್ಲಿ ಎಷ್ಟು ಸಲ ಅರ್ಜಿ ಕೊಟ್ಟರೂ ಅದು ಫೈಲಿನಲ್ಲೇ ಉಳಿಯುತ್ತದೆ.

ವಿಜಯಪುರ ಜಿಲ್ಲೆಯ ನಮ್ಮೂರಲ್ಲೂ ಹೀಗೇ ಆಗಿತ್ತು. ಒಂದು ವರ್ಷ ಪಂಚಾಯಿತಿಗೆ ಅಲೆದೆವು. ಆಮೇಲೆ ಒಂದು ದಿನ ರಸ್ತೆ ಬದಿಯ ಜಾಲಿಕಂಟಿಯಲ್ಲಿ ಮಗುಚಿ ಬಿದ್ದ ಬೋರ್ಡು ಕಣ್ಣಿಗೆ ಬಿತ್ತು, ಎತ್ತಿ ನಿಲ್ಲಿಸಿ ಟವೆಲ್‌ನಿಂದ ಒಣಗಿದ ಮಣ್ಣು ಉಜ್ಜಿ ತೆಗೆದು ಓದಿದರೆ ಅದು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ! ಕೆಲಸ ಮುಗಿದು ಇನ್ನೂ ನಾಲ್ಕು ವರ್ಷ ಆಗಿರಲಿಲ್ಲ. 2000ದಲ್ಲಿ ಶುರುವಾದ ಈ ಯೋಜನೆಯಲ್ಲಿ, ರಸ್ತೆ ಮಾಡಿದ ಗುತ್ತಿಗೆದಾರರೇ ಐದು ವರ್ಷ ಅದರ ನಿರ್ವಹಣೆಯನ್ನೂ ಮಾಡಬೇಕು, ಅದು ಕರಾರಿನಲ್ಲೇ ಇರುತ್ತದೆ. ಅಂದರೆ ತಗ್ಗು ಮುಚ್ಚಲು ಹೊಸ ಅನುದಾನವೇ ಬೇಕಿರಲಿಲ್ಲ, ಕೇಳುವವರು ಬೇಕಿತ್ತು ಅಷ್ಟೇ. ಬೋರ್ಡಿನ ಫೋಟೊ, ತಗ್ಗುಗಳ ಫೋಟೊ ಹಚ್ಚಿ ಇಂಜಿನಿಯರ್ ಕಚೇರಿಗೆ ಕೊಟ್ಟೆವು, ಎರಡು ತಿಂಗಳಲ್ಲಿ ಖಡಿ, ಡಾಂಬರು ಬಂತು. ಅಲೆದಾಡಿದ ಆ ಒಂದು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವೂ ಮೊದಲು ಬೋರ್ಡು ಹುಡುಕಿ. ಅದು ಈ ಯೋಜನೆಯ ರಸ್ತೆಯೇ ಆಗಿದ್ದರೆ ‘ಮೇರಿ ಸಡಕ್’ ಆ್ಯಪ್‌ನಲ್ಲೂ ಫೋಟೊ ಹಾಕಿ ದೂರು ಕೊಡಬಹುದು.

ಇನ್ನು ಲಕ್ಷಗಟ್ಟಲೆ ದುಡ್ಡಿನ ವಿಚಾರ. ಪಂಚಾಯಿತಿಗೆ ಬರುವ ಎಲ್ಲ ದುಡ್ಡನ್ನೂ ರಸ್ತೆಗೆ ಹಾಕಲು ಬರುವುದಿಲ್ಲ. ಕೇಂದ್ರದ ದುಡ್ಡು ಹೇಗೆ ಹಂಚಬೇಕು ಅಂತ ಶಿಫಾರಸು ಮಾಡುವ ಹಣಕಾಸು ಆಯೋಗದ 15ನೇ ಅವಧಿಯಲ್ಲಿ, ಅಂದರೆ 2021ರಿಂದ 2026ರವರೆಗೆ, ನೂರು ರೂಪಾಯಿ ಬಂದರೆ 60 ರೂಪಾಯಿ ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲಾಗಿತ್ತು. ಉಳಿದ 40 ರೂಪಾಯಿಯನ್ನು ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಬಳಸುವಂತಿರಲಿಲ್ಲ. ರಸ್ತೆ, ಮೋರಿ, ಸೇತುವೆ ಇವೆಲ್ಲ ಸಂವಿಧಾನದ 11ನೇ ಅನುಸೂಚಿಯಲ್ಲೇ ಪಂಚಾಯಿತಿಯ ವಿಷಯಗಳಾಗಿ ಇವೆ, ಹಾಗಾಗಿ ಆ 40ರಲ್ಲಿ ಓಣಿ ರಸ್ತೆ ಮಾಡಬಹುದಿತ್ತು. ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಹಾಕದಿದ್ದರೆ, ಚುನಾಯಿತ ಸದಸ್ಯರು ಇಲ್ಲದಿದ್ದರೆ ಆ ಕಂತೂ ನಿಲ್ಲುತ್ತಿತ್ತು. ನಮ್ಮ ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅದರ ಪೆಟ್ಟು ಬಿದ್ದಿದ್ದು ಹಳ್ಳಿಗಳಿಗೇ ಅಲ್ವಾ?

ಕೆಲಸ ಮಂಜೂರಾದರೆ ಸುಮ್ನೆ ‘ಡಾಂಬರು ಹಾಕಿ’ ಅಂತ ಬಿಡಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಹಗಲು ರಾತ್ರಿ ಓಡುತ್ತದೆ. ನೀವೇ ನೋಡಿರುತ್ತೀರಿ, ರಸ್ತೆ ಮೊದಲು ಒಡೆಯುವುದು ನಡುವಲ್ಲಿ ಅಲ್ಲ, ಹೊಲದ ನೀರು ನಿಲ್ಲುವ ಅಂಚಿನಲ್ಲಿ, ಅಲ್ಲಿ ಡಾಂಬರು ಒಣಗಿದ ರೊಟ್ಟಿಯಂತೆ ಮುರಿದು ಬರುತ್ತದೆ. ಹಾಗಾಗಿ ಎಸ್ಟಿಮೇಟ್‌ನಲ್ಲಿ, ಅಂದರೆ ಕೆಲಸದ ಅಂದಾಜು ಪಟ್ಟಿಯಲ್ಲಿ, ಕೆಳಗಿನ ಗಟ್ಟಿ ಗರಸು, ಬದಿಯ ಚರಂಡಿ, ನೀರು ದಾಟಲು ಪೈಪು ಇವೆಯೇ ಅಂತ ನೋಡಿ. ಚರಂಡಿ ಇಲ್ಲದ ರಸ್ತೆಗೆ ಹಾಕಿದ ದುಡ್ಡು ಎರಡು ಮಳೆಗಾಲ ತಾಳುವುದಿಲ್ಲ.

ಎಸ್ಟಿಮೇಟ್ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, ನಮ್ಮ ರಾಜ್ಯದಲ್ಲಿ 150 ಪದ ಮೀರಬಾರದು, 30 ದಿನದಲ್ಲಿ ಉತ್ತರ ಬರಬೇಕು. ಅಂದಾಜು ಪಟ್ಟಿ, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ನಕಲು, ಗುತ್ತಿಗೆದಾರರ ಹೊಣೆ ಯಾವ ತಾರೀಕಿನವರೆಗೆ ಇದೆ, ಈ ಮೂರು ಕೇಳಿದರೆ ಸಾಕು. ಜಾಸ್ತಿ ಬರೆಯಬೇಡಿ, ಜಾಸ್ತಿ ಬರೆದಷ್ಟೂ ನುಣುಚಿಕೊಳ್ಳಲು ದಾರಿ ಸಿಗುತ್ತದೆ.

ಪ್ರಶ್ನೆ: ನೀರಿನ ಪೈಪಿಗಾಗಿ ನಮ್ಮ ಓಣಿಯ ಸಿಸಿ ರಸ್ತೆ ಅಗೆದು ಆರು ತಿಂಗಳಾಯಿತು. ನಮ್ಮತ್ತೆ ಎಡವಿ ಬಿದ್ದು ಕೈ ಮುರಿದುಕೊಂಡರು. ಕೇಳಿದರೆ ಹೊಸ ಅನುದಾನ ಬರಲಿ ಅಂತಾರೆ.
– ಇಂಡಿ ಪಟ್ಟಣದ ಗೃಹಿಣಿ

ಉತ್ತರ: ಅಕ್ಕಾರೆ, ಅತ್ತೆಯವರ ಕೈ ಬೇಗ ಕೂಡಲಿ. ಇದಕ್ಕೆ ಹೊಸ ಅನುದಾನ ಕಾಯುವ ಮಾತೇ ತಪ್ಪು. ರಸ್ತೆ ಅಗೆಯಲು ಅನುಮತಿ ಕೊಡುವಾಗಲೇ ಅದನ್ನು ಮತ್ತೆ ಸರಿ ಮಾಡುವ ಖರ್ಚು ಕಟ್ಟಿಸಿಕೊಳ್ಳುತ್ತಾರೆ, ಇಲ್ಲವೇ ಅಗೆದವರೇ ಸರಿ ಮಾಡಬೇಕು ಅಂತ ಷರತ್ತು ಹಾಕುತ್ತಾರೆ. ಆ ಅನುಮತಿ ಪತ್ರದ ನಕಲು ಕೊಡಿ ಅಂತ ನಿಮ್ಮ ಪಟ್ಟಣದ ಸ್ಥಳೀಯ ಸಂಸ್ಥೆಯ ಮುಖ್ಯಸ್ಥರಿಗೆ ಅರ್ಜಿ ಬರೆಯಿರಿ. ಓಣಿಯ ಹತ್ತು ಮನೆಯವರು ಸಹಿ ಮಾಡಿ, ಆಸ್ಪತ್ರೆ ಚೀಟಿಯ ನಕಲೂ ಹಚ್ಚಿ, ಮತ್ತೆ ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿದ ಪ್ರತಿ ಇಸಿದುಕೊಳ್ಳದೆ ಅಲ್ಲಿಂದ ಎದ್ದು ಬರಬೇಡಿ.